ಏಳನೇ ನಂಬರಿನ ಕೋಲು

ಅಣ್ಣಾಜಿ ಮಾಸ್ತರರು ತಮ್ಮ ಕೆಲಸದ ಮೇಜಿನ ಪಕ್ಕ ಬೋರಲು ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ರಕ್ತ ಒಣಗಿ ಕಪ್ಪಾಗಿತ್ತು. ಹೆಣದಿಂದ ಬಾಗಿಲಿನವರೆಗೆ ಕೆಂಪು ಮೆಣಸಿನಪುಡಿ ಚೆಲ್ಲಿತ್ತು.

ಪಿಎಸ್‌ಐ ಸುಚಿತ್ರಾ ಹೊಸ್ತಿಲಲ್ಲೇ ನಿಂತಳು. ಒಳಗೆ ಕಾಲಿಡುವ ಮೊದಲು ಎರಡು ಸಲ ನೋಡಿದಳು. ಗೋಡೆಯ ತುಂಬ ಗಾಲ್ಫ್ ಆಡುವ ಕೋಲುಗಳು ನೇತಾಡುತ್ತಿದ್ದವು. ಮೇಜಿನ ಮೇಲೆ ಅಳತೆ ಪಟ್ಟಿ, ಗೋಂದು, ರಬ್ಬರಿನ ಹಿಡಿಗಳು.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪನವರು ಹೆದ್ದಾರಿಯ ಬದಿಯ ತಮ್ಮ ಜಮೀನಿನಲ್ಲಿ ಮಾಡಿದ್ದ ಗಾಲ್ಫ್ ಮೈದಾನದ ಕಾರ್ಯಾಗಾರ ಅದು. ಹಾವೇರಿಯ ಡಾಕ್ಟರರು, ಬ್ಯಾಡಗಿಯ ದಲಾಲರು, ರಾಣೆಬೆನ್ನೂರಿನ ಬೀಜದ ಕಂಪನಿಯವರು ಸಂಜೆ ಬಂದು ಆಡುತ್ತಿದ್ದರು. ಕೆಲವರ ಮಕ್ಕಳು ಕಲಿಯುತ್ತಿದ್ದರು. ಕಲಿಸುತ್ತಿದ್ದವರು ಅಣ್ಣಾಜಿ. ಬೆಳಗಾವಿಯಲ್ಲಿ ಅಧಿಕಾರಿಗಳಿಗೆ ಆಟ ಹೇಳಿಕೊಟ್ಟು, ವಯಸ್ಸಾದ ಮೇಲೆ ರಾಣೆಬೆನ್ನೂರಿಗೆ ಮರಳಿದವರು. ಹಳೆಯ ಕೋಲುಗಳನ್ನು ಕತ್ತರಿಸಿ, ಜೋಡಿಸಿ, ಆಡುವವರ ಮೈಗೆ ಹೊಂದಿಸುವುದೂ ಅವರದೇ ಕೆಲಸ.

ಹೆಣವನ್ನು ಮೊದಲು ನೋಡಿದವನು ಹುಲ್ಲು ನೋಡಿಕೊಳ್ಳುವ ಜಹೀರ. ಬೆಳಿಗ್ಗೆ ನೀರು ಬಿಡಲು ಬಂದಾಗ ಬಾಗಿಲು ತೆರೆದಿತ್ತಂತೆ.

ಹಾವೇರಿಯಿಂದ ಬಂದ ಪೊಲೀಸ್ ನಾಯಿ ಪುಡಿಯ ಮೇಲೇ ನಡೆಯಿತು. ಒಮ್ಮೆ ಸೀನಿತು, ಅಷ್ಟೇ. ಕಾರು ನಿಲ್ಲಿಸುವ ಜಾಗದವರೆಗೆ ಹೋಗಿ, ಅಲ್ಲೇ ಸುತ್ತಿ, ಕೂತುಬಿಟ್ಟಿತು. ಅದರ ಪಂಜಗಳು ಕೆಂಪಾಗಿದ್ದವು. ಅದನ್ನು ಕರೆತಂದವನು ನಲ್ಲಿಯ ಕೆಳಗೆ ಎಷ್ಟು ತಿಕ್ಕಿದರೂ ಬಣ್ಣ ಬಿಡಲಿಲ್ಲ. ಎಣ್ಣೆ ಹಚ್ಚಿ ಒರೆಸು ಎಂದು ಪ್ರಭುಲಿಂಗಪ್ಪನವರು ದೂರದಿಂದಲೇ ಹೇಳಿದರು.

ಅಷ್ಟರಲ್ಲಿ ಕಾನ್‌ಸ್ಟೆಬಲ್ ಒಬ್ಬ ಜಹೀರನ ಶೆಡ್ಡಿನಿಂದ ಒಂದು ಕೋಲು ತಂದ. ಗೊಬ್ಬರದ ಚೀಲಗಳ ಹಿಂದೆ ಸಿಕ್ಕಿತ್ತು. ಕಬ್ಬಿಣದ ತಲೆ, ಅದರ ಮೇಲೆ ಏಳು ಎಂಬ ಅಂಕಿ. ಹಿಡಿಯನ್ನು ಒರೆಸಿದ್ದರು. ತಲೆಯ ಸಂದಿನಲ್ಲಿ ರಕ್ತ ಉಳಿದಿತ್ತು.

ಸರ್ಕಲ್ ಇನ್‌ಸ್ಪೆಕ್ಟರ್ ಸಾಹೇಬರಿಗೆ ಅಷ್ಟು ಸಾಕಾಯಿತು. ಜಹೀರ ಬ್ಯಾಡಗಿಯವನು. ಅವನ ಹೆಂಡತಿ ಮುಸ್ಕಾನ್ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಹಿಂದಿನ ವಾರ ಮಾಸ್ತರರು ಎಲ್ಲರ ಮುಂದೆ ಅವನನ್ನು ಬೈದಿದ್ದರು. ನಾಳೆ ಕೋರ್ಟಿಗೆ ಹಾಜರು ಮಾಡಿ, ಜೈಲಿಗೆ ಕಳಿಸಿ, ಫೈಲು ಕಟ್ಟೋಣ ಎಂದರು.

ಸುಚಿತ್ರಾ ಹೌದು ಎನ್ನಲಿಲ್ಲ. ಅಲ್ಲ ಎನ್ನುವ ಧೈರ್ಯವೂ ಆಗಲಿಲ್ಲ. ಅಗಡಿಯಿಂದ ದಿನಾ ಬಸ್ಸಿನಲ್ಲಿ ಹಾವೇರಿಗೆ ಬಂದು, ಹಗಲು ಕೂಲಿ ಮಾಡಿ, ಸಂಜೆ ಕಾಲೇಜಿನಲ್ಲಿ ಓದಿದವಳು ಅವಳು. ದೊಡ್ಡವರ ಎದುರು ಮಾತಾಡುವ ಮೊದಲು ತಾನೇ ತಪ್ಪಿರಬಹುದು ಎಂದು ಯೋಚಿಸುವುದು ಅವಳಿಗೆ ಅಭ್ಯಾಸ.

ಆದರೆ ನಾಯಿ ಶೆಡ್ಡಿನ ಕಡೆ ತಿರುಗಿಯೂ ನೋಡಿರಲಿಲ್ಲ.

* * *

ಲಾಕಪ್ಪಿನಲ್ಲಿ ಜಹೀರ ಬಲಗೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ಬೆರಳುಗಳು ಊದಿದ್ದವು. ಯಾರು ಹೊಡೆದರು ಎಂದು ಸುಚಿತ್ರಾ ಕೇಳಿದಳು. ಅವನು ಹೊರಗಿನ ಕಾನ್‌ಸ್ಟೆಬಲ್ ಕಡೆ ನೋಡಿ ಕೈಯನ್ನು ಬಟ್ಟೆಯಲ್ಲಿ ಮುಚ್ಚಿಕೊಂಡ.

"ಮಾಸ್ತರ ಬೈದಿದ್ದು ಖರೇ ಐತ್ರಿ," ಅಂದ. "ಹುಲ್ಲಿಗೆ ಮಧ್ಯಾಹ್ನ ನೀರು ಬಿಟ್ಟಿದ್ದೆ, ಅದಕ್ಕ. ಸಂಜಿಮುಂದ ತಾವ ಚಾ ಕುಡಿಸಿದ್ರು."

"ಆ ಕೋಲು ನಿಂದೇನು?"

"ನನಗ್ಯಾವ ಕೋಲ್ರಿ ಮೇಡಂ. ನಾ ಹುಲ್ಲು ಕೊಯ್ಯಾಂವ."

ನಿನ್ನೆ ಸೋಮವಾರ ಸಂಜೆ ಕಡೆಯವರು ಹೊರಡುವಾಗ ತಾನೂ ಹೊರಟೆ, ಮಾಸ್ತರರು ಯಾರಿಗೋ ಕಾಯುತ್ತ ಒಬ್ಬರೇ ಕೂತಿದ್ದರು ಎಂದ. ಯಾರಿಗೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದ.

"ನಾಳೆ ಒಳಗ ಹಾಕಿದ್ರ ಮತ್ತ ಬಿಡ್ತಾರೇನ್ರಿ?"

ಸುಚಿತ್ರಾ ಎದ್ದು ಬ್ಯಾಡಗಿಗೆ ಹೊರಟಳು.

* * *

ಪ್ರಭುಲಿಂಗಪ್ಪನವರ ಅಂಗಡಿಯಲ್ಲಿ ಘಾಟಿಗೆ ಗಂಟಲು ಕೆರೆಯುತ್ತಿತ್ತು. ಅವರ ಮೇಲೂ ಸುಚಿತ್ರಾಳಿಗೆ ಅನುಮಾನವಿತ್ತು. ಮೈದಾನವನ್ನು ಕೋಲ್ಡ್ ಸ್ಟೋರೇಜಿಗೆ ಕೊಡಬೇಕೆಂದು ಅವರಿಗೆ ಮನಸ್ಸಿತ್ತು. ಮಕ್ಕಳ ಆಟ ನಿಲ್ಲುತ್ತದೆ ಎಂದು ಅಣ್ಣಾಜಿ ತಡೆದಿದ್ದರು. ಆದರೆ ಆ ಸಂಜೆ ಅವರು ಹಾವೇರಿಯಲ್ಲಿ ತಂಗಿಯ ಮಗಳ ಮದುವೆಯಲ್ಲಿದ್ದರು. ವೇದಿಕೆಯ ಮೇಲೆ ನಿಂತ ವಿಡಿಯೋ ಇತ್ತು.

ಅವಳು ಪುಡಿಯ ಚಿಟಿಕೆಯನ್ನು ಕಾಗದದಲ್ಲಿ ಕೊಟ್ಟಳು. ಅವರು ಬೆರಳಲ್ಲಿ ತಿಕ್ಕಿದರು, ಮೂಸಿದರು, ನಾಲಿಗೆಗೆ ಮುಟ್ಟಿಸಿದರು.

"ನಮ್ಮ ಬ್ಯಾಡಗಿ ಡಬ್ಬಿ ಕಾಯಿರಿ. ಬಣ್ಣಕ್ಕ ಹಾಕೂದು, ಖಾರಕ್ಕಲ್ಲ. ದೀಪಾವಳಿಗೆ ಮೈದಾನಕ್ಕ ಬರೋ ಎಲ್ಲಾರಿಗೂ ಒಂದೊಂದು ಪಾಕೀಟು ಕೊಟ್ಟೇನಿ."

"ಜಹೀರಗೂ?"

"ಅವನ ಹೇಣ್ತಿ ದಿನಾ ಇದರಾಗ ಕುಂದ್ರತಾಳ, ಅವಗ್ಯಾಕ ಕೊಡ್ಲಿ? ಒಂದು ಮಾತು ಹೇಳಲೇನ್ರಿ? ನಮ್ಮೂರಾಂವ ನಾಯಿ ಮೂಗು ಕೆಡಸಬೇಕಂದ್ರ ಇದನ್ನ ಚೆಲ್ಲೂದಿಲ್ಲ. ಖಾರದ ಗುಂಟೂರ ಕಾಯಿ ಚೆಲ್ಲತಾನ. ಇದನ್ನ ಚೆಲ್ಲಿದ್ರ ನೆಲಾ ಕೆಂಪಾಗ್ತದ, ಅಷ್ಟ."

ಸುಚಿತ್ರಾ ಮೆಟ್ಟಿಲು ಇಳಿಯುತ್ತ ಅದನ್ನೇ ಯೋಚಿಸಿದಳು. ನಾಯಿಯನ್ನು ತಡೆಯುವ ಉದ್ದೇಶ ಇಲ್ಲದಿದ್ದರೆ ಪುಡಿ ಯಾಕೆ? ನೋಡಿದವರು ಬ್ಯಾಡಗಿ ಎನ್ನಲಿ ಎಂದು. ಮೆಣಸಿನಕಾಯಿಯವನು ಎನ್ನಲಿ ಎಂದು. ಆ ಪುಡಿಯನ್ನು ಎರಚಿದ್ದು ನಾಯಿಯ ಮೂಗಿಗಲ್ಲ, ಪೊಲೀಸರ ಕಣ್ಣಿಗೆ.

ಮತ್ತು ಪೊಲೀಸರು ಅದನ್ನು ಕಣ್ಣು ತೆರೆದೇ ಹಾಕಿಸಿಕೊಂಡಿದ್ದರು.

* * *

ಅಣ್ಣಾಜಿಯವರ ಹೆಂಡತಿ ಸರಸ್ವತೀಬಾಯಿ ಅಳುತ್ತಿರಲಿಲ್ಲ. ಊರುಗೋಲು ಹಿಡಿದು ಬಾಗಿಲಿಗೆ ಬಂದರು. ಆ ಊರುಗೋಲನ್ನೂ ಅಣ್ಣಾಜಿಯವರೇ ಅಳತೆ ಹಿಡಿದು ಮಾಡಿದ್ದರಂತೆ.

ಸುಚಿತ್ರಾ ಕಾರ್ಯಾಗಾರದ ಗೋಡೆಯಿಂದ ಪಂಚರ ಎದುರು ತೆಗೆದ ಇನ್ನೊಂದು ಕೋಲು ತಂದಿದ್ದಳು. ಆರನೇ ನಂಬರು. ಒಬ್ಬರ ಸೆಟ್ಟಿನಲ್ಲಿ ಚೆಂಡು ಹೋಗಬೇಕಾದ ದೂರಕ್ಕೆ ತಕ್ಕಂತೆ ಒಂದೊಂದು ನಂಬರಿನ ಕೋಲು. ಐದು, ಆರು, ಎಂಟು, ಒಂಬತ್ತು ಸಾಲಾಗಿ ನೇತಾಡುತ್ತಿದ್ದವು. ಎಲ್ಲಕ್ಕೂ ಒಂದೇ ಬಗೆಯ ಬೂದು ಹಿಡಿ. ನಡುವಿನ ಮೊಳೆ ಮಾತ್ರ ಖಾಲಿ. ಶೆಡ್ಡಿನಲ್ಲಿ ಸಿಕ್ಕಿದ್ದಕ್ಕೂ ಅದೇ ಬೂದು ಹಿಡಿ, ಅದು ಆ ಮೊಳೆಯ ಕೋಲು. ಅಂದರೆ ಅದು ಜಹೀರನದಲ್ಲ, ಒಬ್ಬರಿಗೆಂದೇ ಮಾಡಿದ ಒಂದು ಸೆಟ್ಟಿನದು. ಆ ಒಬ್ಬರು ಯಾರು?

ಮುದುಕಿ ಹಿಡಿಯ ಮೇಲೆ ಬೆರಳಾಡಿಸಿದರು.

"ಸಣ್ಣ ಕೈಯವರಿಗೆ ಮಾಡ್ಯಾರ. ಹಿಡಿ ದಪ್ಪಾದ್ರ ಮಣಿಕಟ್ಟು ತಿರಗೂದಿಲ್ಲ, ಚೆಂಡು ಬಲಕ್ಕ ಹೋಗ್ತದ ಅಂತಿದ್ರು. ಯಾರಿಗೋ ಒಂದು ಕೂಸಿಗೆ ಮಾಡ್ಲಿಕ್ಕತ್ತಿದ್ರು. ಹೆಸರು ಹೇಳಲಿಲ್ಲ."

"ಅಳತೆ ಹೆಂಗ ತಗೋತಿದ್ರು?"

"ನೆಟ್ಟಗ ನಿಂದರಸತಿದ್ರು. ಕೈ ಇಳಿಬಿಡು ಅಂತಿದ್ರು. ಮಣಿಕಟ್ಟಿನಿಂದ ನೆಲಕ್ಕ ಪಟ್ಟಿ ಹಿಡೀತಿದ್ರು. ಮಂದಿ ಟಿವಿಯೊಳಗ ಆಡೋರ ಕೋಲು ನೋಡಿ ತರತಾರ, ತಮ್ಮ ಮೈ ನೋಡಿ ತರೂದಿಲ್ಲ ಅಂತ ಭಾಳ ಬೇಜಾರು ಅವರಿಗೆ."

ಕೋಲು ಮೈಗೆ ಹೊಂದಿದೆಯೋ ಇಲ್ಲವೋ ತಿಳಿಯುವುದು ಹೇಗೆಂದೂ ಅವರೇ ತೋರಿಸಿದರು. ಆಡುವವರು ಸಹಜವಾಗಿ ನಿಂತು ಹಿಡಿದರೆ ಕೋಲಿನ ತಲೆಯ ತಳ ನೆಲದ ಮೇಲೆ ಪೂರ್ತಿ ಕೂರಬೇಕು. ಮುಂದಿನ ತುದಿ ಎದ್ದರೆ ಕೋಲು ಉದ್ದ. ಹಿಂದಿನ ತುದಿ ಎದ್ದರೆ ಗಿಡ್ಡ. ಗಟ್ಟಿ ದಂಡದ ಭಾರದ ಕೋಲನ್ನು ಬೆಳೆಯುವ ಮಕ್ಕಳ ಕೈಗೆ ಕೊಟ್ಟರೆ ಆಟ ಸುಧಾರಿಸುವುದಿರಲಿ, ಮಣಿಕಟ್ಟೇ ಹೋಗುತ್ತದೆ.

ಮಣಿಕಟ್ಟು. ಸುಚಿತ್ರಾ ಆ ಪದದ ಮೇಲೆ ನಿಂತಳು.

ಕಲಿಯುವ ಮಕ್ಕಳ ಮನೆಗಳಿಗೆ ಫೋನ್ ಮಾಡಿ ವಿಚಾರಿಸಿದಾಗ ಒಂದು ಮನೆಯವರು ಹೇಳಿದ್ದರು: ನಮ್ಮ ಹುಡುಗಿಯ ಮಣಿಕಟ್ಟು ನೋಯುತ್ತಿದೆ, ಭಾನುವಾರದಿಂದ ನಾವು ಯಾರೂ ಮೈದಾನದ ಕಡೆ ಹೋಗಿಲ್ಲ. ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಸುನೀಲಕುಮಾರ. ಮಗಳು ಸ್ನೇಹಾ. ಒಂಬತ್ತನೇ ಇಯತ್ತೆ. ರಾಜ್ಯ ತಂಡದ ಆಯ್ಕೆಗೆ ಹೋಗಬೇಕಾದವಳು.

* * *

ಸುನೀಲಕುಮಾರ ಸೋಫಾದ ತುದಿಯಲ್ಲಿ ಕೂತು ಆತಿಥ್ಯ ಮಾಡಿದ. ಚಹಾ, ಚೂಡಾ. ಸೋಮವಾರ ಸಂಜೆ ಅಂಗಡಿಯಲ್ಲೇ ಇದ್ದೆ ಎಂದ. ಮಾಸ್ತರರು ದೇವರಂಥವರು ಎಂದ. ಬ್ಯಾಡಗಿ ಮಂದಿಯನ್ನು ನಂಬಬಾರದು ಎಂದ.

ಮೂಲೆಯಲ್ಲಿ ಹೊಳೆಯುವ ಚೀಲವಿತ್ತು. ಮಗಳಿಗೆಂದು ದುಬೈಯಿಂದ ತರಿಸಿದ ಕೋಲುಗಳು. ದೊಡ್ಡ ಆಟಗಾರರು ಬಳಸುವ ನಮೂನೆಯೇ ಬೇಕೆಂದು ಹೇಳಿ ತರಿಸಿದ್ದನಂತೆ.

ಸ್ನೇಹಾ ಬಲ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಬಂದಳು. ತಾಯಿ ನಿರ್ಮಲಾ ಅವಳ ಹಿಂದೆ ನಿಂತಳು. ಸುಚಿತ್ರಾ ಮೊದಲು ಚೀಲದ ಕೋಲು ಹಿಡಿಯಲು ಹೇಳಿದಳು. ಹುಡುಗಿ ಹಿಡಿದಳು. ಕೋಲಿನ ಮುಂದಿನ ತುದಿ ನೆಲ ಬಿಟ್ಟು ಎದ್ದಿತು.

ಮುಂದಿನದನ್ನು ಮಾಡುವ ಮೊದಲು ಸುಚಿತ್ರಾಳ ಕೈ ಒಂದು ಕ್ಷಣ ತಡೆಯಿತು. ಈ ಮಗುವಿಗೆ ಏನನ್ನೂ ಹೇಳದೆ ಕೇಳುತ್ತಿದ್ದೇನೆ. ಹೇಳಿದರೆ ಕೇಳಲಾಗುವುದಿಲ್ಲ. ಲಾಕಪ್ಪಿನ ಊದಿದ ಬೆರಳುಗಳು ನೆನಪಾದವು. ಬಟ್ಟೆಯ ಸುತ್ತು ಬಿಚ್ಚಿ ಆರನೇ ನಂಬರಿನ ಕೋಲು ಕೊಟ್ಟಳು.

ಸ್ನೇಹಾ ಅದನ್ನು ಹಿಡಿದಳು. ತಳ ಪೂರ್ತಿಯಾಗಿ ನೆಲದ ಮೇಲೆ ಕೂತಿತು. ಅವಳ ಭುಜಗಳು ತಾವಾಗಿ ಇಳಿದವು.

"ಇದು ನನ್ನ ಸಿಕ್ಸ್," ಅಂದಳು. "ನನ್ನ ಸೆವೆನ್ ಎಲ್ಲಿ ಐತ್ರಿ?"

ನಿರ್ಮಲಾ ಗಂಡನ ಕಡೆ ನೋಡಿದಳು.

"ಇಂಥಾ ಗುಜರಿ ಸಾಮಾನು ನಮ್ಮನ್ಯಾಗಿಲ್ಲ," ಸುನೀಲಕುಮಾರ ಅಂದ.

"ಮನ್ಯಾಗಿಲ್ಲ ಪಪ್ಪಾ. ಸರ್ ಹತ್ರ ಇಟ್ಟಿದ್ದೆ. ನೀ ತಂದಿದ್ದರಲೆ ಆಡಿದ್ರ ಕೈ ನೂಸ್ತಿತ್ತು. ನಿಮ್ಮ ಪಪ್ಪಾಗ ನೀ ಹೇಳಬ್ಯಾಡ, ಸೋಮವಾರ ಸಂಜಿಕೆ ಕರಸೇನಿ, ನಾನ ಹೇಳತೇನಿ ಅಂದಿದ್ರು ಸರ್."

ನಿರ್ಮಲಾ ಮಗಳ ಬಾಯಿಗೆ ಕೈ ಅಡ್ಡ ಇಟ್ಟಳು. ತಡವಾಗಿತ್ತು.

ಸುಚಿತ್ರಾ ಹಿತ್ತಲು ನೋಡಲು ಕಳಿಸಿದ್ದ ಕಾನ್‌ಸ್ಟೆಬಲ್ ಅಲ್ಲಿಂದ ಒಂದು ಜೊತೆ ಬಿಳಿ ಬೂಟು ತಂದ. ಗಾಲ್ಫ್ ಆಡುವಾಗ ಹಾಕುವ ಮುಳ್ಳುತಳದ ಬೂಟು. ತೊಳೆದು ಬಿಸಿಲಿಗೆ ಇಟ್ಟಿದ್ದರು. ಹೊಲಿಗೆಯ ಗೆರೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಕೆಮ್ಮಣ್ಣು ಎಂದ ಸುನೀಲಕುಮಾರ.

ಸುಚಿತ್ರಾ ಕೊಬ್ಬರಿ ಎಣ್ಣೆ ಕೇಳಿದಳು. ಒಂದು ಲೇಸಿನ ತುದಿಗೆ ಮಾತ್ರ ಹಚ್ಚಿದಳು. ಉಳಿದದ್ದು ಪ್ರಯೋಗಾಲಯಕ್ಕೆ ಹೋಗಬೇಕು. ಹತ್ತಿಯಿಂದ ಒತ್ತಿದಳು. ಹತ್ತಿ ಕೆಂಪಾಯಿತು.

"ಮಣ್ಣು ನೀರಾಗ ಬಿಡ್ತದ," ಅಂದಳು. "ಬ್ಯಾಡಗಿ ಬಣ್ಣ ಎಣ್ಣ್ಯಾಗ ಬಿಡ್ತದ. ಮೆಣಸಿನಕಾಯಿ ಕೆಲಸದವರು ಎಣ್ಣಿ ಹಚ್ಚಿ ತೊಳೀತಾರ. ನೀವು ಬರೇ ನೀರು, ಸೋಪು ಹಾಕೀರಿ."

ಉಳಿದದ್ದನ್ನೂ ಅವಳು ಹೇಳಿದಳು. ಮಾಸ್ತರರಿಗೂ ಬಂದಿದ್ದ ದೀಪಾವಳಿಯ ಪಾಕೀಟು ಒಡೆದು, ಬಾಗಿಲಿನ ಗಾಳಿಗೆ ಎದುರು ಪುಡಿ ಎರಚಿದವನ ಬೂಟಿಗೆ ಅದು ಬೀಳದೆ ಇರುವುದಿಲ್ಲ. ನಾಯಿ ಕೂತದ್ದು ಅವನ ಕಾರು ನಿಂತಿದ್ದ ಜಾಗದಲ್ಲಿ. ಹೆಸರಿಲ್ಲದ ಹಳೆಯ ಕೋಲು ಯಾರದ್ದೂ ಆಗಬಹುದು ಎಂದುಕೊಂಡು ಜಹೀರನ ಶೆಡ್ಡಿಗೆ ಎಸೆದ. ಕೋಲನ್ನು ಬೆಲೆಯಿಂದ ಮಾತ್ರ ಬಲ್ಲವನು ಹಾಗೇ ಅಂದುಕೊಳ್ಳುತ್ತಾನೆ. ಅಳತೆ ಹಿಡಿದು ಮಾಡಿದ ಕೋಲಿಗೆ ಹೆಸರು ಬರೆಯಬೇಕಾಗಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅಣ್ಣಾಜಿ ಇದನ್ನೇ ತಿಂಗಳುಗಟ್ಟಲೆ ಅವನಿಗೆ ಹೇಳಿದ್ದರು. ಅವನು ಕೇಳಿಸಿಕೊಂಡಿರಲಿಲ್ಲ.

ಸುನೀಲಕುಮಾರ ಮಗಳ ಕಡೆ ನೋಡಲಿಲ್ಲ. ಮೂಲೆಯ ಚೀಲ ನೋಡುತ್ತ ಮಾತಾಡಿದ.

"ಆ ಮುದುಕ ಗುಜರಿ ಕೋಲು ಹಿಡದು ನನ್ನ ಮುಂದ ನಿಂತಾ. ನಿಮ್ಮ ಕೋಲು ಹುಡುಗಿ ಕೈ ಮುರಿದಾವು, ಇದರಲೆ ಆಡಿದ್ರ ಗೆಲ್ತಾಳ, ನಿಮ್ಮದರಲೆ ಆಡಸೂದಿದ್ರ ನಾ ಕಳಸೂದಿಲ್ಲ ಅಂದಾ. ನನ್ನ ಮಗಳು ಗುಜರಿ ಹಿಡಕೊಂಡು ಮಂದಿ ಮುಂದ ನಿಂದರಬೇಕೇನ್ರಿ?"

"ಗೆಲ್ತಿದ್ದೆ ಪಪ್ಪಾ," ಸ್ನೇಹಾ ಅಂದಳು.

* * *

ಜಹೀರನನ್ನು ಬಿಟ್ಟರು. ಯಾರೂ ಕ್ಷಮೆ ಕೇಳಲಿಲ್ಲ. ಸರ್ಕಲ್ ಸಾಹೇಬರು ಪತ್ರಿಕೆಯವರ ಎದುರು ತಮ್ಮ ತಂಡದ ಚುರುಕು ತನಿಖೆಯ ಬಗ್ಗೆ ಮಾತಾಡಿದರು. ಜಹೀರನ ಎರಡು ಬೆರಳು ಮಡಚುತ್ತಿರಲಿಲ್ಲ.

ಸುಚಿತ್ರಾ ತಾನೇ ಅವನನ್ನು ಬ್ಯಾಡಗಿಗೆ ಕರೆದೊಯ್ದಳು. ಮುಸ್ಕಾನ್ ಬಾಗಿಲಲ್ಲಿ ನಿಂತು ಗಂಡನ ಕೈ ನೋಡಿದಳು. ಆಮೇಲೆ ಸುಚಿತ್ರಾಳ ಸಮವಸ್ತ್ರ ನೋಡಿದಳು.

"ತಂದು ಬಿಟ್ರಲ್ಲ, ದೊಡ್ಡ ಉಪಕಾರ ಆತು," ಅಂದಳು. "ಹುಲ್ಲು ಕೊಯ್ಯೋ ಕೈ ಒಂದು ಠಾಣ್ಯಾಗ ಉಳೀತು ನೋಡ್ರಿ."

ಬಾಗಿಲು ಮುಚ್ಚಿತು. ಮೈದಾನವನ್ನು ಪ್ರಭುಲಿಂಗಪ್ಪನವರು ಕೋಲ್ಡ್ ಸ್ಟೋರೇಜಿಗೆ ಕೊಟ್ಟರು. ಈಗ ತಡೆಯುವವರು ಯಾರೂ ಇರಲಿಲ್ಲ.

ಆಯ್ಕೆಯ ದಿನ ಕಳೆದ ಮೇಲೆ ಸ್ನೇಹಾ ತಾಯಿಯ ಜೊತೆ ಠಾಣೆಗೆ ಬಂದಳು. ನಿರ್ಮಲಾ ಹೊರಗೇ ಬೆಂಚಿನ ಮೇಲೆ ಕೂತಳು, ಒಳಗೆ ಬರಲಿಲ್ಲ. ಹುಡುಗಿ ಮೇಜಿನ ಎದುರು ನಿಂತಳು.

"ನನ್ನ ಸೆವೆನ್ ಯಾವಾಗ ಕೊಡ್ತೀರಿ ಮೇಡಂ?"

ಅದು ಕೊಲೆಗೆ ಬಳಸಿದ ವಸ್ತು, ಕೋರ್ಟಿನಲ್ಲಿ ಇರಬೇಕು, ಕೇಸು ಮುಗಿಯುವವರೆಗೆ ಕೊಡಲಾಗದು ಎಂದು ಸುಚಿತ್ರಾ ವಿವರಿಸಿದಳು. ಎಷ್ಟು ವರ್ಷ ಆದೀತು ಎಂದು ಹುಡುಗಿ ಕೇಳಿದಳು. ನಾಲ್ಕೈದು ವರ್ಷವಾದರೂ ಆದೀತು ಎಂದಳು ಸುಚಿತ್ರಾ.

ಸ್ನೇಹಾ ನೆಟ್ಟಗೆ ನಿಂತಳು. ಎರಡೂ ಕೈ ಇಳಿಬಿಟ್ಟಳು, ಮಾಸ್ತರರು ನಿಲ್ಲಿಸುತ್ತಿದ್ದ ಹಾಗೆ. ತನ್ನ ಮಣಿಕಟ್ಟಿನಿಂದ ಠಾಣೆಯ ನೆಲದವರೆಗೆ ನೋಡಿದಳು.

"ಇಟ್ಕೋರಿ," ಅಂದಳು. "ಅಷ್ಟರಾಗ ನಾ ಬೆಳದಿರ್ತೇನಿ. ಅದು ನನ್ನ ಅಳತಿಗೆ ಬರೂದಿಲ್ಲ."