ಕುಣಿಹಕ್ಕಿಯ ಕರೆ

“ಮಣ್ಣಿನಡಿ ಗಂಟೇನಾದ್ರೂ ಸಿಕ್ಕಿದ್ರೆ ಬಿಚ್ಚಬೇಡಿ,” ಎಂದಳು ಬಲೆಯಜ್ಜಿ. “ಬಿಚ್ಚಿದಿರೋ, ಆಮೇಲೆ ಆ ಬಯಲಲ್ಲಿ ನಿಂತು ಯಾರನ್ನೂ ಕರೀಬೇಡಿ.”

ಸೈಟಿನ ಕಚೇರಿಯೆಂದರೆ ಒಂದು ಹಳೆಯ ಕಬ್ಬಿಣದ ಕಂಟೇನರು. ಅದರ ನೆರಳಿನಲ್ಲಿ ಕುಳಿತು ಮುದುಕಿ ಕಾಡುಹುಲ್ಲಿನ ತೆನೆಗಳನ್ನು ಅಂಗೈಗಳ ನಡುವೆ ಉಜ್ಜಿ ಬೀಜ ಬಿಡಿಸುತ್ತಿದ್ದಳು. ಬಲೆ ಬೀಸಿ ಹಕ್ಕಿ ಹಿಡಿಯುವುದು ಅವಳ ಹಳೆಯ ಕಸುಬು. ಅವಳು ಕಸುಬು ಬಿಟ್ಟರೂ ಹೆಸರು ಅವಳನ್ನು ಬಿಟ್ಟಿರಲಿಲ್ಲ.

ಹುಲ್ಲಕ್ಕ ನಕ್ಕಳು. ಅದು ಕೆಲಸಗಾರರು ಅವಳಿಗೆ ಬೆನ್ನ ಹಿಂದೆ ಇಟ್ಟ ಹೆಸರು. ಹಾಳುಬಿದ್ದ ನೆಲಕ್ಕೆ ಅದರದೇ ಹುಲ್ಲು, ಅದರದೇ ಪೊದೆ, ಅದರದೇ ಜೀವಗಳನ್ನು ಮರಳಿ ತರುವುದು ಅವಳ ಉದ್ಯೋಗ. ಈ ಬಯಲಿಗೆ ಬಂದು ಇನ್ನೂ ವಾರವಾಗಿರಲಿಲ್ಲ.

“ಗಂಟಿನಲ್ಲಿ ಚಿನ್ನ ಇದ್ರೆ ಅರ್ಧ ನಿಮಗೇ ಅಜ್ಜಿ.”

“ನಗಿ, ನಗಿ. ಗಂಟಲು ಇರೋವರೆಗೂ ನಗಿ.”

“ಅಜ್ಜಿ ಮಾತು ತಳ್ಳಿಹಾಕ್ಬೇಡಿ ಮೇಡಂ,” ಎಂದ ಬುಲ್ಡೋಜರಿನ ಚಾಲಕ. ಅವನನ್ನು ಎಲ್ಲರೂ ಗೇರಣ್ಣ ಎನ್ನುತ್ತಿದ್ದರು. “ನನ್ನ ಮದುವೆ ಮುರಿಯುತ್ತೆ ಅಂದಿದ್ರು. ಮುರೀತು.”

“ನಿನ್ನ ಹಾಡು ಕೇಳಿದ ಯಾವ ಹುಡುಗಿ ನಿಲ್ತಾಳೆ ಗೇರಣ್ಣ? ಅದಕ್ಕೆ ಮಾಟ ಯಾಕೆ ಬೇಕು?”

ಗೇರಣ್ಣ ಹಲ್ಲುಕಿರಿದ. ಮುದುಕಿ ಮಾತ್ರ ತಲೆಯೆತ್ತಲಿಲ್ಲ. ಅವಳ ಅಂಗೈಗಳ ನಡುವೆ ಒಣತೆನೆ ಕರಕರ ಸದ್ದು ಮಾಡುತ್ತಲೇ ಇತ್ತು.

ಒಂದು ತಲೆಮಾರಿನ ಕಾಲ ಆ ಬಯಲಿನ ಹೊಟ್ಟೆಯಿಂದ ಅನಿಲ ತೆಗೆದಿದ್ದರು. ಬಾವಿಗಳು ಬತ್ತಿದ ಮೇಲೆ ಕಂಪನಿ ಹೊರಟುಹೋಯಿತು. ಬಾವಿಗೊಂದರಂತೆ ಹಾಸಿದ್ದ ಜಲ್ಲಿಯ ಅಂಗಳಗಳು, ತುಕ್ಕು ಹಿಡಿದ ಕೊಳವೆಗಳು, ಎಲ್ಲಿಗೂ ಮುಟ್ಟದ ರಸ್ತೆಗಳು ಉಳಿದುಕೊಂಡವು. ಆ ಜಲ್ಲಿಯನ್ನು ಕಿತ್ತು, ಅಂಚಿನಲ್ಲಿ ಗುಡ್ಡೆ ಹಾಕಿಟ್ಟಿದ್ದ ಹಳೆಯ ಮೇಲ್ಮಣ್ಣನ್ನು ಮತ್ತೆ ಹರಡಿ, ಮೊದಲ ಮಳೆಗೆ ಮುಂಚೆ ಬೀಜ ಬಿತ್ತಬೇಕಿತ್ತು. ಮಳೆ ತಪ್ಪಿದರೆ ಬೀಜವೂ ಗಾಳಿಗೆ, ವರ್ಷವೂ ಗಾಳಿಗೆ. ಆಮೇಲೆ ಹಕ್ಕಿಗಳು ಬರಬೇಕು. ನಸುಕಿನಲ್ಲಿ ಎದೆಯುಬ್ಬಿಸಿ ಕುಣಿಯುವ, ಆದ್ದರಿಂದಲೇ ಕುಣಿಹಕ್ಕಿಯೆನಿಸಿಕೊಂಡ ದೊಡ್ಡ ನೆಲಹಕ್ಕಿಗಳು. ಅಜ್ಜಂದಿರು ಕುಣಿದ ಜಾಗದಲ್ಲೇ ಮೊಮ್ಮಕ್ಕಳೂ ಕುಣಿಯುವ ಜಾತಿ. ಬಾವಿ ಕೊರೆದ ಮೇಲೆ ಅವುಗಳ ಒಂದು ಗರಿಯೂ ಇಲ್ಲಿ ಕಂಡಿರಲಿಲ್ಲ. ಅವನ್ನು ನಂಬಿಸಿ ಕರೆತರಲೆಂದು ಹುಲ್ಲಕ್ಕ ಮರದ ಗೊಂಬೆಹಕ್ಕಿಗಳನ್ನೂ, ಬೇರೊಂದು ಬಯಲಿನಲ್ಲಿ ಧ್ವನಿಮುದ್ರಿಸಿದ ಗಂಡುಹಕ್ಕಿಯ ಕರೆಯನ್ನು ನುಡಿಸುವ ಸ್ಪೀಕರನ್ನೂ ತಂದಿದ್ದಳು.

ಅವಳ ಆರು ವರ್ಷದ ಮಗಳು, ಪುಟ್ಟಿ, ಇದೇ ರಸ್ತೆಯ ಇನ್ನೊಂದು ತುದಿಯ ಪೇಟೆಯಲ್ಲಿ ಹುಲ್ಲಕ್ಕನ ಅಕ್ಕನ ಮನೆಯಲ್ಲಿದ್ದಳು. ಊರೂರು ಅಲೆಯುವ ತಾಯಿ ಆ ಮಗುವಿಗೆ ತಪ್ಪದೆ ಕೊಡುತ್ತಿದ್ದದ್ದು ಒಂದೇ: ಪ್ರತಿ ಸಂಜೆ ಫೋನಿನಲ್ಲಿ ಒಂದು ಕತೆ. ಮಗಳು ಹೂಂಗುಟ್ಟಬೇಕು. ಹೂಂ ನಿಂತಿತೆಂದರೆ ನಿದ್ದೆ ಬಂತೆಂದು ಅರ್ಥ.

ಒಂದು ಸಂಜೆ ಹುಲ್ಲಕ್ಕನ ಕತೆಗೆ ನಿಜವಾದ ವಸ್ತುವೇ ಸಿಕ್ಕಿತು. ಕೊನೆಯ ಬಾವಿಯ ಜಲ್ಲಿಯ ಮೇಲೆ, ಕಲ್ಲಿನದೇ ಬಣ್ಣ ಹೊತ್ತು, ಒಂದು ಹೆಣ್ಣು ಕುಣಿಹಕ್ಕಿ ಕುಳಿತಿತ್ತು. ಗೊಂಬೆ ಇಟ್ಟಿರಲಿಲ್ಲ, ಸ್ಪೀಕರು ಕೂಗಿರಲಿಲ್ಲ. ತಾನಾಗಿಯೇ ಬಂದಿತ್ತು. ಹೊಟ್ಟೆಯಡಿ ನಾಲ್ಕು ಮೊಟ್ಟೆಗಳು.

“ಮರಿ ಯಾವಾಗ ಬರುತ್ತಮ್ಮ?”

“ಬೇಗ ಬರುತ್ತೆ ಪುಟ್ಟಿ.”

ಬೇಗ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮೋಡ ಕಟ್ಟತೊಡಗಿತ್ತು. ಗೂಡು ಕಂಡಿತೆಂದು ಮೇಲಿನವರಿಗೆ ತಿಳಿಸಿದರೆ, ಮರಿ ಹಾರುವತನಕ ಆ ಜಾಗದಲ್ಲಿ ಯಂತ್ರ ನಿಲ್ಲಬೇಕು, ಮಳೆ ಮುಗಿದುಹೋಗುತ್ತದೆ. ರಾತ್ರಿಯಿಡೀ ಅವಳು ಒಂದೇ ಲೆಕ್ಕ ಹಾಕಿದಳು: ಒಂದು ಹಕ್ಕಿಯೋ, ಮುಂದೆ ಬರಲಿರುವ ನೂರು ಹಕ್ಕಿಗಳೋ? ಎಷ್ಟು ಸಲ ಹಾಕಿದರೂ ತನಗೆ ಬೇಕಾದ ಉತ್ತರವೇ ಬಂತು.

ಮರುದಿನ ಗೇರಣ್ಣ ಯಂತ್ರ ನಿಲ್ಲಿಸಿ ಇಣುಕಿದ.

“ಮೇಡಂ, ಅಲ್ಲೇನೋ ಕೂತಂಗಿದೆ.”

“ಕಲ್ಲು. ನಡೆಸು.”

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಗೇರು ಹಾಕಿದ. ಹಕ್ಕಿ ಕೊನೆಯವರೆಗೂ ಏಳಲಿಲ್ಲ. ಜಲ್ಲಿಯ ಮೊರೆತದ ನಡುವೆ ಆ ಸದ್ದು ಬೇರೆಯಾಗಿ ಕೇಳುವಷ್ಟು ದೊಡ್ಡದಾಗಿರಲಿಲ್ಲ. ಆದರೂ ಹುಲ್ಲಕ್ಕನಿಗೆ ಕೇಳಿಸಿತು. ಹಿಂದೆಯೇ ಕೊಳೆತ ಮೊಟ್ಟೆಯ ನಾತ ಎದ್ದಿತು. ಅನಿಲ ಸೋರಿತೆಂದು ಎಲ್ಲರೂ ಹಿಂದೆ ಸರಿದರು. ಅಳೆಯುವ ಮೀಟರಿನ ಮುಳ್ಳು ಸೊನ್ನೆಯಲ್ಲೇ ಇತ್ತು.

ಗಂಟು ಸಿಕ್ಕಿದ್ದು ಅಲ್ಲಿಯೇ, ಕಿತ್ತ ಜಲ್ಲಿಯ ಕೆಳಗೆ. ಎಣ್ಣೆ ಹೀರಿ ಕಪ್ಪಾದ ಬಟ್ಟೆ. ಸುತ್ತಲೂ ಬಿಗಿದ ಕರಿದಾರ. ಹುಲ್ಲಕ್ಕ ಬಿಚ್ಚಿದಾಗ ಒಳಗಿಂದ ಗರಿಗಳು ಉಬ್ಬಿ ಹೊರಬಂದವು. ಕುಣಿಹಕ್ಕಿಯ ಗರಿಗಳು, ನೂರಾರು, ನಿನ್ನೆ ಉದುರಿದಷ್ಟು ಹೊಸವು. ಮುಟ್ಟಿದರೆ ಬೆಚ್ಚಗಿದ್ದವು. ಬಿಸಿಲಿನ ಕಾವೆಂದುಕೊಂಡಳು. ಬೆಳಿಗ್ಗೆಯ ಸದ್ದನ್ನು ಮರೆಯಲು ಕೈಗೊಂದು ಕೆಲಸ ಬೇಕಿತ್ತು. ಬಣ್ಣ ಬಳಿದ ಮರಕ್ಕಿಂತ ನಿಜವಾದ ಗರಿ ಕಂಡರೆ ಹಕ್ಕಿಗಳು ಬೇಗ ನಂಬುತ್ತವೆ. ಸಂಜೆಯೊಳಗೆ ಅಂಟು ಹಚ್ಚಿ ಗೊಂಬೆಗಳಿಗೆಲ್ಲ ಗರಿ ಹೊದಿಸಿದಳು. ಕೊನೆಯ ಬಾವಿಯ ಸುತ್ತ ಎದುರುಬದುರಾಗಿ, ಕುಣಿಯಲು ಸಜ್ಜಾದಂತೆ ನಿಲ್ಲಿಸಿದಳು. ಸ್ಪೀಕರು ಹಚ್ಚಿದಳು.

“ಮೊಟ್ಟೆ ಒಡೀತಾ ಅಮ್ಮ?” ಎಂದಿತು ಫೋನಿನಲ್ಲಿ ಮಗು.

“ಹೂಂ ಪುಟ್ಟಿ. ನಾಲ್ಕು ಮರಿ. ಅಮ್ಮ ಕರೆದಳು, ಸಾಲಾಗಿ ಅವಳ ಹಿಂದೆ ಹೋದವು.”

ಹೇಳಿ ಮುಗಿಸುವಾಗ ಗಂಟಲಲ್ಲಿ ಗರಿಯೊಂದು ಸಿಕ್ಕಿಕೊಂಡಂತೆ ತುರಿಸಿತು.

ಬೆಳಗಿನ ಮಂಜಿನಲ್ಲಿ ಸ್ಪೀಕರು ಕೂಗುವುದನ್ನು ಕೇಳಿ ಅವಳು ಹಾಸಿಗೆಯಲ್ಲಿ ಎದ್ದು ಕುಳಿತಳು. ತಂದಿದ್ದ ಧ್ವನಿ ಗಂಡುಹಕ್ಕಿಯದು, ಡೋಲಿನ ಗುಮುಕಿನಂಥದು. ಇದು ಬೇರೆ. ಇದು ಸಣ್ಣದು, ಒಡಕು, ಒಂದೇ ಸಮನೆ ಕೆಳಗಿಳಿಯುವ ದನಿ. ಮರಿಗಳನ್ನು ಕರೆಯುವ ತಾಯಿಯ ದನಿ. ಓಡಿಹೋಗಿ ಬ್ಯಾಟರಿ ಕಿತ್ತಳು. ಕೂಗು ನಿಲ್ಲಲಿಲ್ಲ. ತಂತಿ ಕಿತ್ತಳು. ಕೂಗು ನೆಲದಿಂದ ಬರುತ್ತಿತ್ತು. ಮಂಜು ಸರಿದಾಗ ಗೊಂಬೆಗಳು ಕಂಡವು. ಒಂದೂ ಇನ್ನೊಂದರ ಎದುರಿಗಿರಲಿಲ್ಲ. ಎಲ್ಲವೂ ಕತ್ತು ತಿರುಗಿಸಿ ಪೇಟೆಯ ರಸ್ತೆಯನ್ನು ನೋಡುತ್ತಿದ್ದವು.

ಆ ಸಂಜೆ ಪುಟ್ಟಿ ಕತೆ ಕೇಳಲಿಲ್ಲ.

“ಬೆಳಿಗ್ಗೆ ಯಾಕಮ್ಮ ಹಂಗೆ ಕರೆದೆ? ನಾನು ಬರ್ತಿದ್ದೆ. ದೊಡ್ಡಮ್ಮ ಬಿಡಲಿಲ್ಲ.”

ಅಕ್ಕ ಫೋನು ಕಿತ್ತುಕೊಂಡಳು. “ಏನೇ ಇದು? ನಸುಕಲ್ಲಿ ಚಿಲಕ ತೆಗೆದು ರಸ್ತೆಗೆ ಹೋಗಿದ್ದಾಳೆ. ಹಾಲಿನವನು ನೋಡದೇ ಇದ್ದಿದ್ರೆ? ನಿನ್ನ ಹಕ್ಕಿ ಕತೆ ಸಾಕು ಮಾಡು. ಬಾಯಿಬಿಟ್ಟರೆ ಮರಿ, ಮರಿ ಅಂತಾಳೆ.”

ಹುಲ್ಲಕ್ಕ ಬಲೆಯಜ್ಜಿಯ ಗುಡಿಸಲಿಗೆ ಹೋದಾಗ ಮುದುಕಿ ದೀಪ ಹಚ್ಚಿರಲಿಲ್ಲ.

“ಬಿಚ್ಚಿದಿ,” ಎಂದಿತು ಕತ್ತಲೆಯೊಳಗಿನ ದನಿ. ‘ನೀವು’ ಹೋಗಿತ್ತು.

“ಏನಿತ್ತು ಅದರಲ್ಲಿ?”

“ನನ್ನ ಪಾಪ. ಹಕ್ಕಿ ಇದ್ರೆ ಬಾವಿ ಕೊರೆಯೋಕೆ ಬಿಡಲ್ಲ ಅಂತ ಆ ಕಾಲದಲ್ಲಿ ಕಂಪನಿಯವರು ನನ್ನ ಹತ್ರ ಬಂದ್ರು. ನಾನು ಪೊದೆಯಲ್ಲಿ ಕೂತು ತಾಯಿಹಕ್ಕಿ ಹಂಗೆ ಕೂಗಿದೆ. ಕೂಗಿದಷ್ಟೂ ಬಂದ್ವು. ನಂಬಿ ಬಂದ್ವು. ಒಂದೂ ಬಿಡಲಿಲ್ಲ ನಾನು.” ಮುದುಕಿ ಉಸಿರೆಳೆದುಕೊಂಡಳು. “ಬಲೆ ಮಡಚಿದ ಮೇಲೂ ಕೂಗು ನಿಲ್ಲಲಿಲ್ಲ. ನನ್ನ ಮಗ ಅದನ್ನ ಕೇಳಿ ಎದ್ದು ನಡೆದ. ಚಪ್ಪಲಿ ಸಿಕ್ತು. ಅವನು ಸಿಗಲಿಲ್ಲ.”

“ಆಮೇಲೆ?”

“ಕಲಿತಿದ್ದ ಮಂತ್ರವೆಲ್ಲ ಹೇಳಿ ಕಟ್ಟಿದೆ. ಆ ಕೂಗನ್ನ ಕಟ್ಟಬೇಕಾದ ಜಾಗ ಸುಳ್ಳು ಕರೆದೋರ ಗಂಟಲು. ನನಗೆ ಧೈರ್ಯ ಬರಲಿಲ್ಲ. ಮಣ್ಣಲ್ಲಿ ಹೂತೆ. ಮಣ್ಣು ಎಷ್ಟು ದಿನ ಹಿಡ್ಕೊಳ್ಳುತ್ತೆ, ತಾಯಿ?” ಮುದುಕಿ ಕತ್ತಲಲ್ಲೇ ಅವಳ ಕಡೆ ತಿರುಗಿದಳು: “ಬರೀ ಗಂಟು ಬಿಚ್ಚಿದ್ರೆ ಇಷ್ಟು ಬೇಗ ಏಳಲ್ಲ ಅದು. ನೀನು ಇನ್ನೇನು ಮಾಡಿದಿ?”

“ಏನೂ ಮಾಡಿಲ್ಲ,” ಎಂದಳು ಹುಲ್ಲಕ್ಕ.

ಬೆಳಗಾದೊಡನೆ ಗರಿಗಳನ್ನೆಲ್ಲ ಕಿತ್ತು ಸುಟ್ಟಳು. ಹೊಗೆ ಮೇಲೇರದೆ ನೆಲಕ್ಕಂಟಿ ಹರಿದು ರಸ್ತೆಯತ್ತ ಹೋಯಿತು. ಅಕ್ಕನಿಗೆ ಫೋನು ಮಾಡಿ ಬಾಗಿಲಿಗೆ ಬೀಗ ಹಾಕೆಂದಳು. ಏಕೆಂದು ಹೇಳಲಿಲ್ಲ. ಕಾರಣ ಹೇಳದ ಮಾತಿಗೆ ಅಕ್ಕ ಎಷ್ಟು ಬೆಲೆ ಕೊಟ್ಟಾಳು? ಮಗುವನ್ನು ಎಂದಿನಂತೆ ಶಾಲೆಗೆ ಕಳಿಸಿದಳು.

ಮಧ್ಯಾಹ್ನ ಗಾಳಿಯೆದ್ದಿತು. ಜಲ್ಲಿ ಕಿತ್ತು ಬೆತ್ತಲಾದ ನೆಲದಿಂದ ಧೂಳು ಗೋಡೆಯಂತೆ ಎದ್ದು ಸೂರ್ಯನನ್ನು ನುಂಗಿತು. ಹಗಲಿನಲ್ಲೇ ಕತ್ತಲಾಯಿತು. ಕಂಟೇನರಿನ ತಗಡಿಗೆ ಮರಳು ಉಗುರಿನಿಂದ ಕೆರೆದಂತೆ ಬಡಿಯುತ್ತಿತ್ತು. ಆಗ ಫೋನು ಬಂತು.

“ಶಾಲೆಯಲ್ಲಿ ಇಲ್ಲ ಕಣೇ,” ಅಕ್ಕನ ದನಿ ಒಡೆದಿತ್ತು. “ಬಸ್ಸು ಹತ್ತಿದ್ದನ್ನ ಯಾರೋ ನೋಡಿದಾರೆ. ಅಮ್ಮ ಕರೀತಿದ್ದಾಳೆ ಅಂದಳಂತೆ.”

ಆ ಬಸ್ಸು ಸೈಟಿನ ಗೇಟಿನ ಮುಂದೆಯೇ ನಿಲ್ಲುತ್ತದೆ. ಒಂದು ಭಾನುವಾರ ದೊಡ್ಡಮ್ಮನ ಜೊತೆ ತಾಯಿಯನ್ನು ನೋಡಲು ಪುಟ್ಟಿ ಅದರಲ್ಲೇ ಬಂದಿದ್ದಳು.

ಹುಲ್ಲಕ್ಕ ಓಡಿದಳು. ಕಣ್ಣಿಗೆ ಧೂಳು. ಬಾಯಿಗೆ ಧೂಳು. ಎಲ್ಲೆಲ್ಲೂ ಕೊಳೆತ ಮೊಟ್ಟೆಯ ನಾತ. ಕೊನೆಯ ಬಾವಿಯ ಸುತ್ತ ಎರಡಾಳು ಆಳದ ಕುಳಿ ತೋಡಿದ್ದರು. ಉಕ್ಕಿನ ಕೊಳವೆಯನ್ನು ಬುಡದಲ್ಲಿ ಕತ್ತರಿಸಿ ಮುಚ್ಚುವುದಕ್ಕೆ. ಕುಳಿಯಿನ್ನೂ ಬಾಯ್ತೆರೆದೇ ಇತ್ತು. ಕೂಗು ಅದರೊಳಗಿಂದ ಬರುತ್ತಿತ್ತು.

ಧೂಳು ಒಂದು ಕ್ಷಣ ಹರಿಯಿತು. ಬೋಳು ಗೊಂಬೆಗಳ ನಡುವೆ ಶಾಲೆಯ ಚೀಲ ಹೊತ್ತ ಪುಟ್ಟ ಆಕೃತಿ. ಕತ್ತು ಮುಂದೆ ಚಾಚಿ, ಪುಟುಪುಟು ಹೆಜ್ಜೆಯಿಟ್ಟು, ಮರಿಯಂತೆ ಕುಳಿಯ ಕಡೆ ಹೋಗುತ್ತಿತ್ತು.

“ಪುಟ್ಟೀ!”

ಬಾಯಿಂದ ಬಂದದ್ದು ಹೆಸರಲ್ಲ. ಸಣ್ಣದು. ಒಡಕು. ಕೆಳಗಿಳಿಯುವ ಕರೆ. ಹೊರಟಿದ್ದು ಅವಳ ಗಂಟಲಿನಿಂದ, ಕೇಳಿದ್ದು ಕುಳಿಯಿಂದ. ಮಗುವಿನ ಹೆಜ್ಜೆ ಚುರುಕಾಯಿತು. ನಿಲ್ಲು ಎಂದು ಕಿರುಚಿದಳು. ಮತ್ತೆ ಅದೇ ಕರೆ. ಮಗು ಓಡತೊಡಗಿತು. ಬಾಯಿಗೆ ಕೈ ತುರುಕಿಕೊಂಡಳು. ಕೈಯೊಳಗಿಂದಲೂ ಕರೆ ಸೋರಿತು.

ಬೆನ್ನ ಹಿಂದಿನಿಂದ ಎರಡು ಒಣಗಿದ ಕೈಗಳು ಅವಳ ಕತ್ತನ್ನು ಬಳಸಿದವು. ಬಲೆಯಜ್ಜಿ. ಬೆರಳುಗಳ ನಡುವೆ ಕರಿದಾರ.

“ಹೇಳು. ಸುಳ್ಳು ಏನು ಕರೆದಿ? ಹೇಳದೆ ಗಂಟು ನಿಲ್ಲಲ್ಲ.”

“ಗೂಡಿತ್ತು,” ಹುಲ್ಲಕ್ಕನ ಮಾತು ಗಾಳಿಯಲ್ಲಿ ಹರಿದು ಹೋಯಿತು. “ಹಕ್ಕಿ ಕೂತಿತ್ತು. ನೋಡಿದ್ದೆ. ಕಲ್ಲು ಅಂದೆ. ಮರಿ ಬಂತು ಅಂದೆ, ನನ್ನ ಮಗಳಿಗೆ...”

ದಾರ ಬಿಗಿಯಿತು. ಮುದುಕಿಯ ತುಟಿಗಳು ಅವಳ ಕಿವಿಯ ಬಳಿ ಪಿಸುಗುಟ್ಟಿದವು. ಬಿಸಿಯಾದದ್ದೇನೋ ಗಂಟಲಿಗೆ ನುಗ್ಗಿತು. ರೆಕ್ಕೆ ಬಡಿಯಿತು. ಕೊಕ್ಕಿನಿಂದ ಕುಕ್ಕಿತು. ರೆಕ್ಕೆ ಮಡಚಿ ಕುಳಿತುಕೊಂಡಿತು.

ಬಯಲು ಸದ್ದಡಗಿತು.

ಕುಳಿಯ ಅಂಚಿನಲ್ಲಿ, ಒಂದು ಕಾಲು ಎತ್ತಿದಂತೆಯೇ ಪುಟ್ಟಿ ನಿಂತಿದ್ದಳು. ಕರೆ ಇಲ್ಲ. ಮಗು ಸುತ್ತ ನೋಡಿತು. ಆಮೇಲೆ ಎಲ್ಲ ಮಕ್ಕಳೂ ಅಳುವಂತೆ ಅತ್ತಿತು. ಧೂಳಿನೊಳಗಿಂದ ಗೇರಣ್ಣ ಓಡಿಬಂದು ಅವಳನ್ನು ಬಾಚಿ ಎತ್ತಿಕೊಂಡ.

ಮಳೆ ಸರಿಯಾದ ಕಾಲಕ್ಕೆ ಬಂತು. ಹುಲ್ಲು ಎದ್ದಿತು, ಪೊದೆಗಳು ಚಿಗುರಿದವು, ಮರುವರ್ಷದ ನಸುಕುಗಳಲ್ಲಿ ಕುಣಿಹಕ್ಕಿಗಳು ಹಳೆಯ ಅಂಗಳಕ್ಕೇ ಬಂದು ಎದೆಯುಬ್ಬಿಸಿದವು. ದೊಡ್ಡವರು ಕಾರುಗಳಲ್ಲಿ ಬಂದರು. ಒಂದೇ ಒಂದು ಗೂಡಿಗೂ ಧಕ್ಕೆಯಾಗದಂತೆ ನಡೆದ ಕೆಲಸವೆಂದು ಹೊಗಳಿದರು; ಧೂಳಿನ ಕಾಯಿಲೆಗೆ ಮಾತು ಕಳೆದುಕೊಂಡ ಹೆಣ್ಣುಮಗಳಿಗಾಗಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹುಲ್ಲಕ್ಕ ಕೊರಳ ವಸ್ತ್ರವನ್ನು ಬಿಗಿಯಾಗಿ ಸುತ್ತಿಕೊಂಡು ಕುಳಿತಿದ್ದಳು. ಮಾತು ಹೋಗಿದ್ದರೂ ಬರೆಯುವ ಕೈಯಿತ್ತು, ಮುಂದೆ ಮೇಜಿನ ಮೇಲೆ ಕಾಗದವೂ ಇತ್ತು. ಹಿಂದಿನ ಸಾಲಿನಲ್ಲಿ ಗೇರಣ್ಣ ಚಪ್ಪಾಳೆ ತಟ್ಟದೆ ಅವಳ ಕೈಯನ್ನೇ ನೋಡುತ್ತಿದ್ದ. ಅವಳು ಬರೆಯಲಿಲ್ಲ.

ಈಗ ಸಂಜೆಯ ಕತೆ ಹೇಳುವವಳು ಪುಟ್ಟಿ. ಹೂಂಗುಟ್ಟಲಾರದ ತಾಯಿ ಫೋನಿನ ಬೆನ್ನಿಗೆ ಉಗುರಿನಿಂದ ತಟ್ಟುತ್ತಾಳೆ: ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ. ಆ ನಿಯಮ ಮಗಳೇ ಮಾಡಿದ್ದು.

“ಅಮ್ಮ, ಆ ಜಲ್ಲಿ ಮೇಲಿನ ಹಕ್ಕಿ ಇತ್ತಲ್ಲ,” ಎಂದಿತು ಒಂದು ಸಂಜೆ ಮಗು, ನಿದ್ದೆ ತುಂಬಿದ ದನಿಯಲ್ಲಿ. “ಅದರ ನಾಲ್ಕು ಮರಿನೂ ಚೆನ್ನಾಗಿವೆಯಾ?”

ಹುಲ್ಲಕ್ಕನ ಉಗುರು ಬಹಳ ಹೊತ್ತು ಗಾಳಿಯಲ್ಲೇ ನಿಂತಿತು.

ಒಂದು ಸಲ ತಟ್ಟಿದಳು.

ದಾರದ ಕೆಳಗೆ, ಗಂಟಲಿನ ಬೆಚ್ಚನೆಯ ಕತ್ತಲಲ್ಲಿ, ಅದು ಮೆಲ್ಲನೆ ರೆಕ್ಕೆ ಬಿಚ್ಚಿತು.