ಮೂವತ್ತೇಳನೇ ಕೋಣೆಯ ನಾಲ್ಕನೇ ಪೆಟ್ಟಿಗೆ

ನನ್ನ ಗಂಡ ನನ್ನ ಹತ್ತಿರ ಆಡಿದ ಮೊದಲ ಮಾತು "ಬೆಕ್ಕು!" ಎರಡನೆಯ ಮಾತೂ ಅದೇ.

ನಾನಾಗ ಜಪಾನಿನ ಯತ್ಸುಶಿರೊ ಸ್ಟೇಷನ್ ಎದುರಿನ ಕಾಫಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಶೋವಾ ಚಕ್ರವರ್ತಿಯ ಐವತ್ತೆಂಟನೇ ವರ್ಷ, ಅಂದರೆ ನಿಮ್ಮ ಲೆಕ್ಕದಲ್ಲಿ ೧೯೮೩. ನನಗೆ ಇಪ್ಪತ್ಮೂರು. ಓದಿದ್ದು ಒಂಬತ್ತನೇ ಕ್ಲಾಸು. ಆದರೆ ನನ್ನ ನಗು ಎಂಥದ್ದಿತ್ತೆಂದರೆ, ಹೊರಡಬೇಕಾದ ರೈಲು ಎರಡು ನಿಮಿಷ ನಿಂತು ನೋಡಿಕೊಂಡು ಹೋಗುತ್ತಿತ್ತು. ನಂಬದಿದ್ದರೆ ಬಿಡಿ.

ಅವತ್ತು ಕಿಟಕಿ ಪಕ್ಕದ ಟೇಬಲ್ಲಿನ ಮೇಲೆ ಒಬ್ಬ ಗಂಡಸು ಕಾಯಿಲೆ ಬಿದ್ದವನ ಹಾಗೆ ಬಗ್ಗಿದ್ದ. ಪಾಪ ಎಂದುಕೊಂಡು ಬಿಸಿ ಕಾಫಿಯನ್ನು ಅವನ ಮೂಗಿನ ಕೆಳಗೇ ಇಟ್ಟೆ.

"ಬೆಕ್ಕು!" ಎಂದು ಕಿರುಚಿದ.

ನನಗೆ ಬೆಕ್ಕೆಂದರೆ ಪ್ರಾಣಭಯ. ಟ್ರೇ ಸಮೇತ ಎದುರಿನ ಕುರ್ಚಿ ಹತ್ತಿ ನಿಂತೆ. "ಎಲ್ಲಿ? ಎಲ್ಲಿ?"

"ಬೆಕ್ಕು! ನಿಮ್ ಕಪ್ಪಿನ ಕೆಳಗೆ!"

ಆ ಟೇಬಲ್ಲು ಬರೀ ಟೇಬಲ್ಲಲ್ಲ. ಗಾಜಿನ ಕೆಳಗೆ ವಿಡಿಯೋ ಗೇಮ್ ಇತ್ತು. ನಾನು ಕಪ್ಪಿಟ್ಟಿದ್ದು ಸರಿಯಾಗಿ ಅದರೊಳಗಿನ ಬೆಕ್ಕಿನ ತಲೆಯ ಮೇಲೆ. ಟೊಂಯ್ ಎಂದು ಅಳುವ ರಾಗ ಬಂತು. ಆಟ ಮುಗಿಯಿತು.

"ಮೂವತ್ತಾರು ಕೋಣೆ ದಾಟಿದ್ದೆ," ಎಂದರು ಅವರು. ಮನೆಗೆ ಬೆಂಕಿ ಬಿದ್ದವರ ಮುಖ. "ನೀವು ಕೆಳಗಿಳಿಬಹುದು. ಅದು ಕಚ್ಚಲ್ಲ."

ಹೀಗೆ ಪರಿಚಯವಾದವರು ಓಗತಾ ಸೇಜಿ. ನೆಲಪೂರ್ತಿ ಹಾಸುವ ದಪ್ಪ ಹುಲ್ಲುಚಾಪೆ, ತತಾಮಿ, ಮಾಡುವ ಮನೆತನದವರು. ಮೈಯಿಂದ ಯಾವಾಗಲೂ ಹಸಿ ಹುಲ್ಲಿನ ವಾಸನೆ. ದಪ್ಪ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳು. ಕಿವಿ ಮಾತ್ರ ಹೆಣ್ಣುಮಕ್ಕಳ ಕಿವಿ. ನಾನು ಸುಮ್ಮನೆ ನೋಡಿದರೂ ಅದು ಎಷ್ಟು ಕೆಂಪಗಾಗುತ್ತಿತ್ತೆಂದರೆ, ಅದರ ಮೇಲೆ ಮೀನು ಸುಡಬಹುದಿತ್ತು.

ದಿನಾ ಮೂರು ಗಂಟೆಗೆ ಬರುತ್ತಿದ್ದರು. ಗಾಜಿನ ಮೇಲೆ ಒಂದು ನೂರು ಯೆನ್ ನಾಣ್ಯ ಇಡುತ್ತಿದ್ದರು. ನಮ್ಮ ಅಂಗಡಿಯ ನಿಯಮ ಅದು. ಬೇರೆಯವರು ಆಡುತ್ತಿದ್ದರೆ ಗಾಜಿನ ಮೇಲೆ ನಾಣ್ಯ ಇಟ್ಟರಾಯಿತು, ಮುಂದಿನ ಸರದಿ ನಿಮ್ಮದು. ಕಾಯಬೇಕು, ಅಷ್ಟೆ. ಯಾರೂ ಆ ನಾಣ್ಯ ಮುಟ್ಟುವುದಿಲ್ಲ.

"ಅದ್ರಲ್ಲಿ ಏನಿದೆ ಅಂತ ಹೀಗೆ ಬೀಳ್ತೀರಿ, ಓಗತಾ-ಸಾನ್?" ಎಂದು ಒಂದು ದಿನ ಕೇಳಿದೆ.

"ಗೋದಾಮು. ಒಳಗೆ ಸಿಕ್ಕಾಕೊಂಡಿರೋ ಬೆಕ್ಕು. ಪೆಟ್ಟಿಗೆ ತಳ್ಳಿ ಬಾಗಿಲಿಗೆ ದಾರಿ ಮಾಡ್ಕೋಬೇಕು. ತಳ್ಳಬಹುದು, ಎಳೆಯೋ ಹಾಗಿಲ್ಲ."

"ತಪ್ಪು ತಳ್ಳಿದ್ರೆ?"

"ತಳ್ಳಿದ್ದೇ. ಆಡಿದ ಮಾತಿನ ಹಾಗೆ." ಗಾಜಿಗೆ ಬೆರಳು ತೋರಿಸಿ, "ಎಲ್ಲಾ ಕಣ್ಣೆದುರೇ ಇದೆ, ಚಿಯೊಮಿ-ಸಾನ್. ಏನೂ ಬಚ್ಚಿಟ್ಟಿಲ್ಲ. ಆದ್ರೂ ಕಾಣಲ್ಲ ನೋಡಿ. ಅದಕ್ಕೇ ಬಿಡೋಕಾಗಲ್ಲ," ಎಂದರು.

ಆಟದಲ್ಲಿ ಒಟ್ಟು ನಲವತ್ತು ಕೋಣೆ. ಮೂವತ್ತೇಳನೆಯದನ್ನು ದಾಟಿದವರು ಊರಲ್ಲಿ ಒಬ್ಬರೂ ಇರಲಿಲ್ಲ. ಎಷ್ಟೋ ಜನ ಬಂದು, ಸೋತು, ಬೈದು, ಬೇರೆ ಆಟಕ್ಕೆ ಹೋದರು. ಇವರು ಮಾತ್ರ ಹೋಗಲಿಲ್ಲ.

ನಾನು ಎದುರು ನಿಂತು ನೋಡಿ ನೋಡಿ ಕಲಿತೆ. ಮೂವತ್ತೇಳನೇ ಕೋಣೆಯ ಗುಟ್ಟು ನನಗೆ ಒಂದೇ ವಾರಕ್ಕೆ ಹೊಳೆದುಬಿಟ್ಟಿತು. ನಾಲ್ಕು ಪೆಟ್ಟಿಗೆಯನ್ನು ನಡುವೆ ಒತ್ತಾಗಿ, ಚೌಕವಾಗಿ ಕೂಡಿಸಿಬಿಟ್ಟರೆ ಸುತ್ತ ದಾರಿ ತಾನೇ ಬಿಡುತ್ತದೆ. ಇವರು ಮೂರನ್ನು ಸರಿಯಾಗಿ ಇಡುತ್ತಿದ್ದರು. ನಾಲ್ಕನೆಯದನ್ನು ಮಾತ್ರ ಒಂದು ಮನೆ ಆಚೆ ಬಿಡುತ್ತಿದ್ದರು. ಬಾಗಿಲು ಮುಚ್ಚಿಹೋಗುತ್ತಿತ್ತು. ಬೆಕ್ಕು ಕೂತು ಅಳುತ್ತಿತ್ತು.

ಇಷ್ಟು ಜಾಣನಿಗೆ ಇಷ್ಟು ಕಾಣದೇ ಎಂದು ನನಗೇ ಸಿಟ್ಟು.

ಕಾರಣ ತಿಳಿದದ್ದು, ಅವರು ಅಂಗಡಿಯ ಮಹಡಿ ಕೋಣೆಗೆ ಹೊಸ ತತಾಮಿ ಹಾಸಲು ಬಂದ ದಿನ. ನಾನು ಕಸ ಹೊಡೆಯುತ್ತಾ ಬಾಯಿ ಹಾಕಿದೆ. "ಸುಮ್ನೆ ನೇರವಾಗಿ ಜೋಡಿಸ್ರೀ. ಸೊಟ್ಟಸೊಟ್ಟ ಯಾಕೆ?"

ಅವರು ನನ್ನ ಕಡೆ ಹೇಗೆ ನೋಡಿದರೆಂದರೆ, ನಾನು ಅವರ ಅಜ್ಜಿಯನ್ನು ಮಾರಿಬಿಡಿ ಎಂದಿದ್ದೆನೇನೋ! "ನಾಲ್ಕು ಚಾಪೆಯ ಮೂಲೆ ಒಂದೇ ಕಡೆ ಸೇರಬಾರದು. ಅದು ಸಾವಾದ ಮನೆಯ ಹಾಸು. ಬದುಕಿರೋರ ಮನೇಲಿ ಹಾಗೆ ಹಾಸಿದ್ರೆ ನಮ್ಮಪ್ಪ ನನ್ನ ಕೈ ಕತ್ತರಿಸ್ತಾರೆ."

ಪೊರಕೆ ನನ್ನ ಕೈಯಲ್ಲೇ ನಿಂತಿತು. ನಾಲ್ಕು ಮೂಲೆ. ನಾಲ್ಕು ಪೆಟ್ಟಿಗೆ. ಈ ಮನುಷ್ಯನಿಗೆ ದಾರಿ ಕಾಣದೇ ಇರುವುದಲ್ಲ, ತಲೆತಲಾಂತರದಿಂದ ಬಂದ ಕೈ ಅದನ್ನು ನೋಡಲು ಬಿಡುತ್ತಿಲ್ಲ!

ಹೇಳಿದೆನೇ? ಇಲ್ಲ. ಹೇಳಿದರೆ ದಾಟಿಬಿಡುತ್ತಾರೆ. ದಾಟಿದ ಮೇಲೆ ಮೂರು ಗಂಟೆಗೆ ಯಾಕೆ ಬರುತ್ತಾರೆ? ನನ್ನ ಕಾಫಿಗಂತೂ ಅಲ್ಲ. ಅದನ್ನು ಕುಡಿದ ಗುಬ್ಬಚ್ಚಿ ಮೂರು ದಿನ ಹಾರಲಿಲ್ಲ.

ಹೀಗೆ ಎಂಟು ತಿಂಗಳು ಬಾಯಿಗೆ ಬೀಗ ಹಾಕಿಕೊಂಡೆ. ನಾನು! ಎಂಟು ತಿಂಗಳು!

ಆಮೇಲೊಂದು ಶುಕ್ರವಾರ ಅಂಗಡಿಯ ಯಜಮಾನರು, ಎಲ್ಲರೂ ಮಾಸ್ಟರ್ ಎನ್ನುತ್ತಿದ್ದೆವು, ಕಪ್ ಒರೆಸುತ್ತಾ ಹೇಳಿದರು. "ಚಿಯೊಮಿ, ಭಾನುವಾರ ಆ ಬೆಕ್ಕಿನ ಟೇಬಲ್ ಲಾರಿ ಹತ್ತುತ್ತೆ. ಹೊಸದು ಬರುತ್ತೆ, ವಿಮಾನ ಹೊಡೆಯೋದು."

"ಓಗತಾ-ಸಾನ್‌ಗೆ ಹೇಳಿದ್ರಾ?"

"ಹೇಳ್ದೆ. ಮಿಸೊ ಸೂಪ್ ಅಂದ್ಕೊಂಡು ಸಮುದ್ರದ ನೀರು ಕುಡಿದೋರ ಹಾಗೆ ಮುಖ ಮಾಡಿದ್ರು."

ಅವತ್ತು ನಿದ್ದೆಯಿಲ್ಲ. ಹೇಳಿದರೂ ಅವರು ಬರುವುದಿಲ್ಲ, ಹೇಳದಿದ್ದರೂ ಬರುವುದಿಲ್ಲ. ಹೇಳದಿದ್ದರೆ ಮಾತ್ರ ಆ ಮನುಷ್ಯ ಜೀವನಪೂರ್ತಿ ಮೂವತ್ತೇಳನೇ ಕೋಣೆಯಲ್ಲೇ ಕೂತಿರುತ್ತಾರೆ.

ಶನಿವಾರ ಮೂರು ಗಂಟೆ. ಕಿಟಕಿಯಿಂದ ಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ನಾನು ನೆರಳಿಗೆ ಟ್ರೇ ಹಿಡಿದು ನಿಂತೆ. ಒಂದು, ಎರಡು, ಮೂರು ಪೆಟ್ಟಿಗೆ. ನಾಲ್ಕನೆಯದರ ಹತ್ತಿರ ಬೆಕ್ಕು ನಿಂತಿತು.

"ಇನ್ನೊಂದು ಸಲ ತಳ್ಳಿ," ಎಂದೆ.

"ಅಲ್ಲಿಗಾ?"

"ಹ್ಞೂಂ, ಅಲ್ಲಿಗೇ."

"ಮೂಲೆ ಸೇರುತ್ತೆ."

"ಸೇರಲಿ. ಅದು ಮನೆಯಲ್ಲ, ಓಗತಾ-ಸಾನ್. ಅಲ್ಲಿ ಯಾರೂ ಮಲಗಲ್ಲ."

ಅವರು ನಾಲ್ಕು ಮೂಲೆ ನೋಡಿದರು. ನನ್ನನ್ನು ನೋಡಿದರು. ಎಂಟು ತಿಂಗಳ ಗುಟ್ಟು ಒಂದೇ ಉಸಿರಿಗೆ ಅವರ ಮುಖದ ಮೇಲೆ ಬೆಳಗಿತು. ಆದರೂ ಬೆರಳು ಅಲ್ಲಾಡಲಿಲ್ಲ.

"ಕೈ ಬರಲ್ಲ," ಎಂದರು ಮೆಲ್ಲಗೆ.

ಸಮಯ ಟಿಕ್ ಟಿಕ್ ಎಂದು ಓಡುತ್ತಿತ್ತು. ನಾನು ಟ್ರೇಯನ್ನು ಕಂಕುಳಿಗೆ ಸಿಕ್ಕಿಸಿ, ಬಗ್ಗಿ, ಆಟದ ಹಿಡಿಕೆ ಹಿಡಿದಿದ್ದ ಆ ಗಟ್ಟಿ ಕೈಯ ಮೇಲೆ ನನ್ನ ಕೈ ಇಟ್ಟು ತಳ್ಳಿದೆ.

ದಾರಿ ಬಿಟ್ಟಿತು. ಬೆಕ್ಕು ಹೊರಗೆ ಓಡಿತು. ನಮ್ಮ ಕೈ ಎಷ್ಟು ಹೊತ್ತು ಹಾಗೇ ಇತ್ತೆಂದರೆ, ಆ ಹೊತ್ತಿನಲ್ಲಿ ಒಂದು ಗದ್ದೆ ನಾಟಿ ಮಾಡಿ ಕೊಯ್ಲೂ ಮುಗಿಸಬಹುದಿತ್ತು.

ಉಳಿದ ಮೂರು ಕೋಣೆ ಅವರು ನೀರು ಕುಡಿದ ಹಾಗೆ ದಾಟಿದರು. ಕೊನೆಗೆ ಬೆಕ್ಕು ಚಂದ್ರನ ಕೆಳಗೆ ಮುದುರಿ ಮಲಗಿತು. ಅಷ್ಟೆ. ಅದಕ್ಕೇ ಇಷ್ಟೆಲ್ಲ! ಮಾಸ್ಟರ್ ಚಪ್ಪಾಳೆ ತಟ್ಟಿದರು. ನಾನು ಹಿಂದೆ ಹೋಗಿ ಒಗೆದಿಟ್ಟ ಬಟ್ಟೆಯಲ್ಲಿ ಮುಖ ಮುಚ್ಚಿ ಅತ್ತೆ.

ಹೊರಗೆ ಬಂದರೆ ಅವರು ಇನ್ನೂ ಅಲ್ಲೇ ನಿಂತಿದ್ದರು.

"ನಿಮಗೆ ಮುಂಚೇನೇ ಗೊತ್ತಿತ್ತು," ಎಂದರು.

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ನೀವು ಯಾಕೆ ದಿನಾ ಸೋಲೋಕೆ ಬರ್ತಿದ್ರಿ?"

ಕಿವಿ ಕೆಂಪಾಯಿತು. "ಸೋತಾಗ ಗಾಜು ಒಂದು ಕ್ಷಣ ಕಪ್ಪಾಗುತ್ತಲ್ಲ. ಅದ್ರಲ್ಲಿ... ನೀವು ಕಾಣಿಸ್ತಿದ್ರಿ. ಎದುರು ನೋಡೋಕೆ ನಂಗೆ ಧೈರ್ಯ ಇರ್ಲಿಲ್ಲ."

ಹೀಗೆಂದು ಜೇಬಿನಿಂದ ಒಂದು ನೂರು ಯೆನ್ ನಾಣ್ಯ ತೆಗೆದರು. ಗಾಜಿನ ಮೇಲಲ್ಲ, ನನ್ನ ಕೈಯಲ್ಲಿದ್ದ ಟ್ರೇಯ ಮೇಲೆ ಇಟ್ಟರು.

"ಮುಂದಿನ ಸರದಿ ನಂದು," ಎಂದರು. "ಎಷ್ಟು ದಿನ ಬೇಕಾದ್ರೂ ಕಾಯ್ತೀನಿ."

"ಅಯ್ಯೋ, ನೂರು ಯೆನ್ನಿಗೆ ನನ್ನ ಹುಡುಗೀನೇ ಬುಕ್ ಮಾಡಿದ್ರಾ!" ಎಂದು ಮಾಸ್ಟರ್ ಕೂಗಿದರು.

ನಾನು ಆ ನಾಣ್ಯ ಎತ್ತಿ ಏಪ್ರನ್ ಜೇಬಿಗೆ ಹಾಕಿಕೊಂಡೆ. ಅವರು ಕಾಯಬೇಕಾಗಿ ಬಂದದ್ದು ಹನ್ನೊಂದು ದಿನ. ಅದೂ ಊರಿಂದ ನಮ್ಮಮ್ಮನ ಒಪ್ಪಿಗೆಯ ಕಾಗದ ಬರಲು.

ಮದುವೆಯಾದ ಮೇಲೆ ನಮ್ಮ ಕೋಣೆಗೆ ಅವರೇ ತತಾಮಿ ಹಾಸಿದರು. ಮೂವತ್ತೆಂಟು ವರ್ಷ ಅದರ ಮೇಲೆ ಮಲಗಿದೆವು, ಜಗಳವಾಡಿದೆವು, ಮಗಳು ಮಿಹೊಗೆ ನಡೆಯಲು ಕಲಿಸಿದೆವು. ಮೇಲುಹಾಸು ಎಷ್ಟು ಸಲ ಬದಲಾಯಿಸಿದರೋ! ಒಂದು ಸಲವೂ ನಾಲ್ಕು ಮೂಲೆ ಒಂದೆಡೆ ಸೇರಲಿಲ್ಲ. ಅವರು ಹೋಗಿ ಈಗ ನಾಲ್ಕನೇ ವರ್ಷ.

ಹೋದ ತಿಂಗಳು ಮಿಹೊ ಅಂಗೈಯಷ್ಟು ಪುಟ್ಟ ಗೇಮ್ ತಂದುಕೊಟ್ಟಳು. "ಅಮ್ಮಾ, ಹಳೇ ಆಟಗಳಂತೆ. ಅಪ್ಪನ ಬೆಕ್ಕೂ ಇದೆ ನೋಡು."

ಕನ್ನಡಕ ಒಂದರ ಮೇಲೊಂದು ಹಾಕಿಕೊಂಡು ಕೂತೆ. ಮೂರು ವಾರ ಬೇಕಾಯಿತು ಮೂವತ್ತೇಳಕ್ಕೆ ಬರಲು. ದಾರಿ ಗೊತ್ತಿತ್ತಲ್ಲ, ಸೊಕ್ಕಿನಿಂದ ತಳ್ಳಿದೆ. ಒಂದು, ಎರಡು, ಮೂರು.

ನಾಲ್ಕನೆಯದಕ್ಕೆ ಹೆಬ್ಬೆರಳು ನಿಂತುಹೋಯಿತು.

ಬೈದೆ. ಬೆರಳಿಗೆ ಊದಿದೆ. ಊಹುಂ. ತತಾಮಿಯವರ ಮನೆಯಲ್ಲಿ ಇಷ್ಟು ವರ್ಷ ಬಾಳಿದ ಕೈ, ಮೂಲೆಗೆ ಮೂಲೆ ಕೂಡಿಸಲು ಒಪ್ಪಲಿಲ್ಲ. ಸಮಯ ಮುಗಿಯಿತು, ಬೆಕ್ಕು ಅತ್ತಿತು, ಪರದೆ ಕಪ್ಪಾಯಿತು. ಅದರಲ್ಲಿ ಒಂದು ಮುದುಕಿಯ ಮುಖ. ಅದರ ಪಕ್ಕ ಖಾಲಿ.

ನಾನು ಅದನ್ನು ಎತ್ತಿಕೊಂಡು ಹೋಗಿ ದೇವರಗೂಡಿನಲ್ಲಿ ಅವರ ಫೋಟೋ ಮುಂದೆ, ದಿನಾ ಅವರಿಗೆ ಇಡುವ ಅನ್ನದ ಬಟ್ಟಲಿನ ಪಕ್ಕ ಇಟ್ಟೆ.

"ಕೈ ಬರಲ್ಲ," ಎಂದೆ. "ಈ ಸಲ ನೀವೇ ಬಂದು ಕೈ ಇಡಿ."

ಏಪ್ರನ್ ಕಾಲದಿಂದ ಜೋಪಾನ ಮಾಡಿದ ಆ ನಾಣ್ಯವನ್ನೂ ತಂದು ಗೇಮಿನ ಮೇಲಿಟ್ಟೆ.

"ಮುಂದಿನ ಸರದಿ ನಂದು, ಓಗತಾ-ಸಾನ್. ಅಲ್ಲಿ ನಿಮ್ಮ ಪಕ್ಕ ಬೇರೆ ಯಾರನ್ನೂ ಕೂರಿಸ್ಕೋಬೇಡಿ ಮತ್ತೆ. ಆದ್ರೆ ಅವಸರ ಮಾಡ್ಬೇಡಿ. ಇನ್ನೂ ಮೂರು ಕೋಣೆ ಬಾಕಿ ಇದೆ, ನಂಗೆ ಅದನ್ನೂ ನೋಡ್ಬೇಕು."

ಫೋಟೋದಲ್ಲಿ ಅವರ ಕಿವಿ ಕೆಂಪಾಯಿತು. ನಂಬದಿದ್ದರೆ ಬಿಡಿ.