ಏಳನೇ ಹ್ಯಾಂಗರಿನ ಪಿನ್ನು

ಸೋಮವಾರ ಬೆಳಿಗ್ಗೆ 9.10ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಏಳು ಗಂಟೆಗೆ ಕಾರ್ಖಾನೆಯ ಹೊಸ ಹಬೆ ಪೈಪು ಕಳಚಿಬಿದ್ದು, ಅಲ್ಲೇ ಕೆಲಸಕ್ಕಿದ್ದ ಅವಳ ಗಂಡ ಸತ್ತಿದ್ದ. ಇದು ಯಾರ ತಪ್ಪೆಂದು ಹುಡುಕಿಕೊಡಿ, ಅಲ್ಲೇ ಫಿಟ್ಟರಾಗಿರುವ ನನ್ನಣ್ಣ ಎಲ್ಲ ತೋರಿಸುತ್ತಾನೆ ಎಂದಳು. ಎಫ್‌ಐಆರ್ ದಾಖಲಾಯಿತು.

10.30ಕ್ಕೆ ಇನ್‌ಸ್ಪೆಕ್ಟರಮ್ಮ ಪೇದೆಯೊಡನೆ ಆ ಪೈಪಿನ ಕೆಳಗೆ ನಿಂತರು. ಉಳಿದ ಪೈಪು ನಲವತ್ತಡಿ ಮೇಲೆ ಚಾವಣಿಯಿಂದ ಇಳಿಬಿಟ್ಟ ಸ್ಪ್ರಿಂಗ್ ಹ್ಯಾಂಗರುಗಳಿಗೆ ಜೋತುಬಿದ್ದು, ತಣಿಯುತ್ತ ಟಕ್ ಟಕ್ ಎನ್ನುತ್ತಿತ್ತು. ಪ್ರತಿ ಸದ್ದಿಗೂ ಪೇದೆ ತಲೆ ತಗ್ಗಿಸುತ್ತಿದ್ದ.

"ಪಂಚನಾಮೆ ಹೊರಗೆ ಕೂತು ಬರೆದ್ರೆ ಅಕ್ಷರ ನೆಟ್ಟಗೆ ಬರುತ್ತೆ, ಮೇಡಂ," ಎಂದ ಪೇದೆ.

ಫೋರ್‌ಮನ್ ವಿವರಿಸಿದ. ಪೈಪು ಜೋಡಿಸುವಾಗ ಸ್ಪ್ರಿಂಗು ಅಲುಗದಂತೆ ಪಿನ್ನು ಹಾಕಿರುತ್ತಾರೆ. ಹಬೆ ಬಿಡುವ ಮುನ್ನ ಅದನ್ನು ಕೀಳಲೇಬೇಕು. ಇಲ್ಲದಿದ್ದರೆ ಕಾದ ಪೈಪಿಗೆ ಮಿಸುಕಲು ಜಾಗವಿಲ್ಲದೆ ಹ್ಯಾಂಗರ್ ಮುರಿಯುತ್ತದೆ. ಕಿತ್ತ ಪಿನ್ನನ್ನು ಕೆಳಗಿನ ಕಂಬಿಯಲ್ಲಿ ಅದೇ ನಂಬರಿನ ತಗಡಿಗೆ ಕಟ್ಟುವುದು ಇಲ್ಲಿಯ ರೂಢಿ. ಶನಿವಾರ ಹನ್ನೆರಡು ಹ್ಯಾಂಗರಿನ ಹನ್ನೆರಡೂ ಪಿನ್ನು ಎಣಿಸಿಯೇ ಆತ ಸೋಮವಾರ ಹಬೆ ಬಿಡಲು ಒಪ್ಪಿಗೆ ಕೊಟ್ಟಿದ್ದ.

ಮುರಿದದ್ದು ಏಳನೆಯದು. ಅದರ ಪಿನ್ನು ಕಂಬಿಯಲ್ಲಿ ತೂಗುತ್ತಿತ್ತು. ಇನ್‌ಸ್ಪೆಕ್ಟರಮ್ಮ ನೆಲಕ್ಕೆ ಮೊಣಕಾಲೂರಿ, ಬಿದ್ದ ಹ್ಯಾಂಗರಿನೊಳಗೆ ಟಾರ್ಚ್ ಬಿಟ್ಟರು. ಸೊಟ್ಟಗಾದ ಇನ್ನೊಂದು ಪಿನ್ನು ಸ್ಪ್ರಿಂಗನ್ನು ಕಚ್ಚಿಕೊಂಡಿತ್ತು.

"ಒಂದಕ್ಕೆ ಎಷ್ಟು ಪಿನ್ನು?"

"ಒಂದೇ." ಫೋರ್‌ಮನ್ ತಾನೂ ಬಗ್ಗಿ ಒಳಗೆ ನೋಡಿದ.

ಕಂಬಿಯಲ್ಲಿದ್ದುದು ಉಗ್ರಾಣದ ಹೊಸ ಪಿನ್ನು. ಬಣ್ಣ ಚೂರೂ ತರಚಿರಲಿಲ್ಲ. ಕೀಳುವ ಕೆಲಸ ವಹಿಸಿದ್ದು ದೂರು ಕೊಟ್ಟವಳ ಅಣ್ಣನಿಗೆ.

2.05ಕ್ಕೆ ಅವನನ್ನು ಅಲ್ಲಿಗೇ ಕರೆಸಿ, ಗೋಡೆಗೊರಗಿದ್ದ ಏಣಿ ಹತ್ತಲು ಹೇಳಿದರು. ಮೂರನೇ ಮೆಟ್ಟಿಲಿಗೇ ಕಣ್ಣು ಮುಚ್ಚಿ ಏಣಿಯನ್ನು ತಬ್ಬಿಕೊಂಡುಬಿಟ್ಟ. ಪೇದೆಯೇ ಬೆನ್ನಿಗೆ ಕೈಕೊಟ್ಟು ಇಳಿಸಿದ.

"ಯಾವಾಗಿಂದ?"

"ಹೋದ ವರ್ಷ ಬಿದ್ದಾಗಿಂದ. ನನ್ನ ಬದಲು ತಂಗಿ ಗಂಡನೇ ಹತ್ತುತಿದ್ದ, ಪುಣ್ಯಾತ್ಮ. ಯಾರಿಗೂ ಹೇಳ್ಲಿಲ್ಲ."

"ಏಳನೇದು?"

ಅದು ಬಿಗಿಯಾಗಿತ್ತಂತೆ. ತಂಗಿಯ ಗಂಡ ಶುಕ್ರವಾರ ಎಣ್ಣೆ ಬಿಟ್ಟು, ಆಮೇಲೆ ಕೀಳುತ್ತೇನೆಂದು ರಜೆಯ ಮೇಲೆ ಹೋಗಿದ್ದ. ಶನಿವಾರ ಫೋರ್‌ಮನ್ ಎಣಿಸಲು ಬರುವ ಹೊತ್ತಿಗೆ ಇವನು ಹೊಸ ಪಿನ್ನು ಕಟ್ಟಿದ್ದ.

"ಇವತ್ತು ಬೆಳಿಗ್ಗೆ ಅವನಿಗೆ ಹೇಳ್ಬಹುದಿತ್ತಲ್ಲ?"

ಅವನು ಕಂಬಿಯ ಏಳನೇ ತಗಡಿನತ್ತ ಕೈ ತೋರಿಸಿದ.

"ಬಂದವನೇ ಕಂಬಿ ನೋಡಿದ. 'ಅಂತೂ ಹತ್ತಿದ್ಯಲ್ಲೋ' ಅಂತ ಬೆನ್ನು ತಟ್ಟಿದ. ಅಷ್ಟು ಖುಷಿಯಾಗಿದ್ದ. ನನಗೆ ಬಾಯೇ ಬರ್ಲಿಲ್ಲ, ಅಮ್ಮ."

4.40ಕ್ಕೆ ಬಂಧಿಸಿದರು. ಕೇಸ್ ಡೈರಿಯಲ್ಲಿ ಕಾರಣದ ಎದುರು ಇನ್‌ಸ್ಪೆಕ್ಟರಮ್ಮ ಬರೆದದ್ದು ಒಂದೇ ಸಾಲು: ಹೆದರಿಕೆಯಿದೆ ಎಂದು ಹೇಳಲು ಹೆದರಿದ್ದ.

ಠಾಣೆಯಲ್ಲಿ ತಂಗಿ ಇನ್ನೂ ನಿಂತೇ ಇದ್ದಳು. ಅಣ್ಣ ಏನಾದರೂ ತೋರಿಸಿದನೇ ಎಂದು ಕೇಳಿದಳು. ಇನ್‌ಸ್ಪೆಕ್ಟರಮ್ಮ ಮನಸ್ಸಿನಲ್ಲೇ ದೇವರನ್ನು ನೆನೆದು ಕುರ್ಚಿ ಎಳೆದರು.

"ಮೊದ್ಲು ಕೂತ್ಕೋ, ತಾಯಿ."